ಅಮರೇಶನ ಕಿವಿ, ನನ್ನ ಕರಿ ವೈರು

ಮೂರು ವರ್ಷದ ಹಿಂದೆ ನಾನು ಒಬ್ಬ ಮನುಷ್ಯನ ಕಿವಿ ಕೆಡಿಸಿದೆ. ಹೊಡೆಯಲಿಲ್ಲ, ಬಡಿಯಲಿಲ್ಲ. ಕೈಯಲ್ಲಿ ಸೋಲ್ಡರಿಂಗ್ ಐರನ್ ಹಿಡಿದು, ಮುಕ್ಕಾಲು ಗಂಟೆಯಲ್ಲಿ, ಹಾಡು ಗುನುಗುತ್ತಾ ಕೆಡಿಸಿದೆ. ಕೆಡಿಸಿದ್ದು ನನಗೇ ಗೊತ್ತಾದದ್ದು ಹೋದ ಭಾನುವಾರ ಮಧ್ಯಾಹ್ನ, ಲಿಂಗಸುಗೂರಿನ ಒಂದು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ.

ಕಿವಿ ಅಮರೇಶನದು. ಮಸ್ಕಿಯಲ್ಲಿ ಟೇಲರ್ ಅಂಗಡಿ ಇಟ್ಟಿದ್ದಾನೆ. ವಯಸ್ಸು ನಲವತ್ತೆರಡರ ಆಸುಪಾಸು. ವರ್ಷವಿಡೀ ಪ್ಯಾಂಟು ಶರ್ಟು ಹೊಲಿಯುತ್ತಾನೆ, ಮದುವೆ ಸೀಜನ್ ಬಂದರೆ ಒಂದು ಆರ್ಕೆಸ್ಟ್ರಾ ಪಾರ್ಟಿಯ ಜೊತೆ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಾನೆ. ನನ್ನ ಹಳೆಯ ವಿದ್ಯಾರ್ಥಿ. ನಾನು ಸಿಂಧನೂರಿನ ಕಾಲೇಜೊಂದರಲ್ಲಿ ಫಿಜಿಕ್ಸ್ ಹೇಳುವ ಮಾಸ್ತರ. ಹಾಗಾಗಿ ಅವನಿಗೆ ನಾನು ಇವತ್ತಿಗೂ ‘ಸರ್’. ಸರ್ ಹೇಳಿದ್ದೆಲ್ಲ ಸರಿ.

ಈ ಅಂಕಣವನ್ನು ಬಿಡದೆ ಓದುವವರಿಗೆ (ನಾಲ್ಕೈದು ಜನ ಇದ್ದೀರಿ, ಗೊತ್ತು) ನನ್ನ ರಿಪೇರಿ ಹುಚ್ಚು ಹೊಸದಲ್ಲ. ಮನೆಯಲ್ಲಿ ಮಿಕ್ಸರ್ ನಿಂತರೆ ನನ್ನ ಹೆಂಡತಿ ಅದನ್ನು ನನ್ನ ಕಣ್ಣಿಗೆ ಬೀಳದಂತೆ ಚೀಲದಲ್ಲಿ ಸುತ್ತಿ ಅಂಗಡಿಗೆ ಕಳಿಸುತ್ತಾಳೆ. ಅವಳಿಗೆ ಅನುಭವ ಇದೆ. ಹೊರಗಿನವರಿಗೆ ಅಷ್ಟು ಅನುಭವ ಇಲ್ಲ, ಪಾಪ. ಅವರು ನಂಬಿಬಿಡುತ್ತಾರೆ.

ಮೊದಲು ಸ್ವಲ್ಪ ಪಾಠ. (ಅಭ್ಯಾಸಬಲ, ಸಹಿಸಿಕೊಳ್ಳಿ.) ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಬೆಂಕಿಪೊಟ್ಟಣಕ್ಕಿಂತ ತುಸು ಉದ್ದದ ಒಂದು ಕಪ್ಪು ಪಟ್ಟಿ ಇರುತ್ತದೆ. ಅದೇ ಪಿಕಪ್. ಒಳಗೆ ಅಯಸ್ಕಾಂತ, ಸುತ್ತ ಕೂದಲಿನಂಥ ತಾಮ್ರದ ತಂತಿ, ಸಾವಿರಾರು ಸುತ್ತು, ಅದೇ ಕಾಯಿಲ್. ಮೇಲೆ ಗಿಟಾರಿನ ತಂತಿ ನಡುಗಿದರೆ ಕೆಳಗೆ ಕಾಯಿಲ್‌ನಲ್ಲಿ ಕರೆಂಟು ಹುಟ್ಟುತ್ತದೆ. ಅದು ಆಂಪ್ಲಿಫೈಯರಿಗೆ ಹೋಗಿ ಧ್ವನಿಯಾಗುತ್ತದೆ. ಒಂದೇ ಕಾಯಿಲ್ ಇದ್ದರೆ ಧ್ವನಿ ತೆಳು, ಚುರುಕು, ಆದರೆ ಸುತ್ತಲಿನ ಕರೆಂಟಿನ ‘ಗುಂಯ್’ ಕೂಡ ಜೊತೆಗೇ ಬರುತ್ತದೆ. ಎರಡು ಕಾಯಿಲ್ ಕೂಡಿಸಿ, ಒಂದರ ಗುಂಯ್ ಅನ್ನು ಇನ್ನೊಂದು ಹೊಡೆದುಹಾಕುವಂತೆ ಮಾಡಿದರೆ ಧ್ವನಿ ದಪ್ಪ, ತುಂಬು. ಇದಕ್ಕೆ ಹಂಬಕರ್ ಅನ್ನುತ್ತಾರೆ. ಬೇಕಾದಾಗ ಎರಡರಲ್ಲಿ ಒಂದು ಕಾಯಿಲನ್ನು ಮಲಗಿಸುವ ಉಪಾಯಕ್ಕೆ ಕಾಯಿಲ್ ಸ್ಪ್ಲಿಟ್ ಅಂತ ಹೆಸರು. ವಾಲ್ಯೂಮ್ ಗುಂಡಿಯನ್ನು ಮೇಲಕ್ಕೆ ಎಳೆದರೆ ಒಂದೇ ಕಾಯಿಲ್, ಒತ್ತಿದರೆ ಎರಡೂ. ಗಿಟಾರ್ ಒಂದು, ಗಂಟಲು ಎರಡು.

ಮಸ್ಕಿಯ ಟೇಲರನಿಗೆ ಎರಡು ಗಂಟಲು ಯಾಕೆ ಬೇಕು? ನಮ್ಮ ಕಡೆ ಮದುವೆ ಆರ್ಕೆಸ್ಟ್ರಾ ನೋಡಿದ್ದೀರಲ್ಲ. ಶುರುವಿಗೆ ಮುಂದಿನ ಕುರ್ಚಿಯಲ್ಲಿ ಸ್ವಾಮಿಗಳು, ಹಿರಿಯರು ಕೂತಿರುತ್ತಾರೆ. ಆಗ ವಚನ ಹಾಡಬೇಕು. ಗಿಟಾರ್ ಮೆಲ್ಲಗೆ, ತೆಳ್ಳಗೆ ಹಿಂದೆ ಹಿಂದೆ ಬರಬೇಕು. ಅಕ್ಕಿಕಾಳು ಬಿದ್ದು ಹಿರಿಯರು ಊಟಕ್ಕೆ ಎದ್ದರೋ, ಆ ಕುರ್ಚಿಗಳಿಗೆ ಮದುಮಗನ ಗೆಳೆಯರು ಬರುತ್ತಾರೆ. ಆಮೇಲೆ ಬರೀ ಡ್ಯಾನ್ಸ್ ಹಾಡು. ಆಗ ಗಿಟಾರ್ ಎದೆಗೆ ಗುದ್ದಬೇಕು. ಎರಡು ಗಿಟಾರ್ ಹೊತ್ತು ತಿರುಗೋಕೆ ಬೈಕಿನಲ್ಲಿ ಜಾಗ ಎಲ್ಲಿದೆ?

ಹಾಗಾಗಿ ಅಮರೇಶ ಆನ್‌ಲೈನ್‌ನಲ್ಲಿ ಒಂದು ಹಂಬಕರ್ ಪಿಕಪ್, ಎಳೆದು ಒತ್ತುವ ಗುಂಡಿ ತರಿಸಿಕೊಂಡು ನೇರ ನಮ್ಮ ಮನೆಗೆ ಬಂದ. “ಸರ್, ನೀವ ಹಾಕಿಕೊಡ್ರಿ. ಬ್ಯಾರೆಯವರ ಕೈಯಾಗ ಕೊಡಾಕ ನನಗ ಧೈರ್ಯ ಇಲ್ಲ” ಅಂದ. ಇಂಥ ಮಾತಿಗೆ ಯಾವ ಮಾಸ್ತರ ಕರಗುವುದಿಲ್ಲ?

ಡಬ್ಬಿಯಲ್ಲಿ ನಾಲ್ಕು ಮಡಿಕೆಯ ಒಂದು ಕಾಗದವಿತ್ತು, ಯಾವ ವೈರ್ ಎಲ್ಲಿಗೆ ಅಂತ. ಅಮರೇಶ ಅದನ್ನು ಬಿಡಿಸಿ ನನ್ನ ಮುಂದೆ ಇಟ್ಟ. ನಾನು ಅದರ ಮೇಲೆ ಚಹಾದ ಕಪ್ ಇಟ್ಟೆ.

ಪಿಕಪ್ಪಿನಿಂದ ಬಂದದ್ದು ನಾಲ್ಕು ವೈರ್. ಕೆಂಪು, ಕರಿ, ಹಸಿರು, ಬಿಳಿ. ಜೊತೆಗೆ ಹೊದಿಕೆ ಇಲ್ಲದ ಒಂದು ಬರೀ ತಂತಿ. ಇದರಲ್ಲಿ ಓದೋಕೇನಿದೆ? ನಮ್ಮೂರಿನಲ್ಲಿ ಯಾರನ್ನು ಬೇಕಾದರೂ ಕೇಳಿ. ಕೆಂಪು ಫೇಸ್. ಕರಿದು ನ್ಯೂಟ್ರಲ್. ಹಸಿರು ಅರ್ಥಿಂಗ್. ಮುಕ್ಕುಂದದ ನನ್ನ ಮಾವನ ಮನೆಯಿಂದ ಹಿಡಿದು ಕಾಲೇಜಿನ ಲ್ಯಾಬಿನವರೆಗೆ ನಾನು ನೋಡಿದ್ದೆಲ್ಲ ಇದೇ ಕಾನೂನು. ಉಳಿದದ್ದು ಬಿಳಿ. ಅದು ನಡುವಿನ ಜೋಡಣೆಯದೇ ಇರಬೇಕು ಅಂತ ಲೆಕ್ಕ ಹಾಕಿ ಗುಂಡಿಯ ಸ್ವಿಚ್ಚಿಗೆ ಕೊಟ್ಟೆ. ಕೆಂಪನ್ನು ಧ್ವನಿ ಹೊರಗೆ ಹೋಗುವ ದಾರಿಗೆ ಕೊಟ್ಟೆ. ಹಸಿರು, ಕರಿ, ಬರೀ ತಂತಿ ಮೂರನ್ನೂ ನೆಲಕ್ಕೆ ಸೇರಿಸಿದೆ. ಅಂದರೆ ಗಿಟಾರಿನ ಅರ್ಥಿಂಗಿಗೆ. ಬೆಸುಗೆ ಎಷ್ಟು ಚೆಂದ ಬಂತೆಂದರೆ ಫೋಟೋ ತೆಗೆದು ಸ್ಟೇಟಸ್ ಹಾಕಿದೆ.

ಅಮರೇಶ ಗಿಟಾರ್ ಹಚ್ಚಿ ನುಡಿಸಿದ. ಗುಂಡಿ ಎಳೆದ, ಒತ್ತಿದ, ಮತ್ತೆ ಎಳೆದ. ಹುಬ್ಬು ಗಂಟಿಕ್ಕಿದ.

“ಸರ್, ಎಳದ್ರೂ ಅಷ್ಟ, ಒತ್ತಿದ್ರೂ ಅಷ್ಟ ಐತಲ್ರೀ?”

ನಾನು ಕಣ್ಣು ಮುಚ್ಚಿ ಕೇಳಿದೆ. ನನಗೆ ವ್ಯತ್ಯಾಸ ಕೇಳಿಸಿತು. ಆಣೆ ಮಾಡಿ ಹೇಳುತ್ತೇನೆ, ಸುಳ್ಳು ಹೇಳಲಿಲ್ಲ. ನಾನೇ ಹಾಕಿದ ವೈರ್, ಕೇಳಿಸದೆ ಇರುತ್ತದೆಯೇ? “ಬಹಳ ಸೂಕ್ಷ್ಮ ಇರ್ತದೆ ಅಮರೇಶ. ಕಿವಿ ಹದ ಆಗಬೇಕು. ಸ್ವಲ್ಪ ದಿನ ತಗೋತದೆ” ಅಂದೆ.

“ಧ್ವನೀನೂ ಸಣ್ಣ ಅನಸ್ತೈತ್ರೀ. ಗುಂಯ್ ಅಂತೈತಿ.”

“ಹೊಸದು. ಎಲೆಕ್ಟ್ರಿಕ್ ಗಿಟಾರ್ ಅಂದ ಮೇಲೆ ಅಷ್ಟು ಇರ್ತದೆ.”

ಅವನು ಕೈ ಮುಗಿದು ಹೋದ. ಮುಂದಿನ ವಾರ ನನಗೊಂದು ಶರ್ಟ್ ಹೊಲಿದು ತಂದುಕೊಟ್ಟ. ಅದನ್ನು ಈಗಲೂ ಹಾಕುತ್ತೇನೆ.

ಆಮೇಲಿನ ಮೂರು ವರ್ಷದ ಸಂಗತಿ ನನಗೆ ತಿಳಿದದ್ದು ಚೂರುಚೂರಾಗಿ. ಪಾರ್ಟಿಯ ಯಜಮಾನ ‘ನಿನ್ನ ಗಿಟಾರಿಗೆ ದಮ್ ಇಲ್ಲ’ ಅನ್ನತೊಡಗಿದನಂತೆ. ಮೊದಲು ಅಮರೇಶನನ್ನು ಸ್ಟೇಜಿನ ಮುಂದಿನಿಂದ ಹಿಂದಕ್ಕೆ ಸರಿಸಿದರು. ಆಮೇಲೆ ಗುಂಯ್ ಜಾಸ್ತಿ ಅಂತ ಅವನ ಸೌಂಡನ್ನೇ ಇಳಿಸಿದರು. ಕೊನೆಗೆ ಕೀಬೋರ್ಡಿನವನು ಒಂದು ಬಟನ್ ಒತ್ತಿ ಗಿಟಾರಿನ ಧ್ವನಿ ತಾನೇ ಕೊಡತೊಡಗಿದ. ಎಲ್ಲರೂ ಅನುಮಾನಿಸಿದ್ದು ಅಮರೇಶನ ಬೆರಳನ್ನು. ಅಮರೇಶ ಅನುಮಾನಿಸಿದ್ದು ತನ್ನ ಕಿವಿಯನ್ನು. ಫಿಜಿಕ್ಸ್ ಮಾಸ್ತರನ ವೈರಿಂಗನ್ನು ಅನುಮಾನಿಸಿದವರು ಒಬ್ಬರೂ ಇಲ್ಲ. ನನ್ನನ್ನೂ ಸೇರಿಸಿ.

ಹೋದ ವಾರ ಫೋನ್ ಮಾಡಿದ. “ಸರ್, ಗಿಟಾರ್ ಮಾರಾಕತ್ತೀನ್ರೀ. ಲಿಂಗಸುಗೂರಾಗ ಒಬ್ಬರು ಕೇಳ್ಯಾರ. ಭಾನುವಾರ ನೀವೂ ಬರ್ರಿ. ವೈರಿಂಗ್ ಬಗ್ಗೆ ಏನರೆ ಕೇಳಿದ್ರ ನನಗ ಹೇಳಾಕ ಬರಂಗಿಲ್ಲ.”

ಸಿಂಧನೂರಿನಲ್ಲಿ ನಾನು ಬಸ್ ಹತ್ತಿದೆ, ಮಸ್ಕಿಯಲ್ಲಿ ಅವನು ಹತ್ತಿದ. ಗಿಟಾರಿನ ಚೀಲ ತೊಡೆಯ ಮೇಲೆ, ಸಣ್ಣ ಆಂಪ್ಲಿಫೈಯರ್ ಕಾಲಿನ ನಡುವೆ. ಚೀಲ ಹೊಸದಾಗಿ ಹೊಲಿದದ್ದು. ಮಾರುವ ಸಾಮಾನಿಗೆ ಹೊಸ ಚೀಲ ಯಾಕೆ ಅಂತ ಕೇಳಿದೆ. “ಒಯ್ಯೋರ ಮನ್ಯಾಗ ಚೊಲೊ ಇರಲಿ ಅಂತ್ರೀ” ಅಂದ. ನನಗೆ ಒಂಥರಾ ಆಯಿತು.

“ಯಾಕೆ ಮಾರ್ತೀ?”

“ಕಿವಿ ಹೋಗ್ಯಾವ್ರೀ ಸರ್. ರಾಯಚೂರಾಗ ಡಾಕ್ಟರ್‌ಗೆ ತೋರಿಸಿದೆ. ಮಷಿನ್‌ನಾಗ ಕುಂದ್ರಿಸಿ ನೋಡಿ, ಏನೂ ಆಗಿಲ್ಲ, ಬರೋಬ್ಬರಿ ಅದಾವ ಅಂದ್ರು.”

“ಮತ್ತೆ?”

“ಡಾಕ್ಟರ್‌ಗೆ ಗಿಟಾರ್ ಏನ್ ಗೊತ್ತ್ರೀ? ಗುಂಡಿ ಎಳದ್ರ ಬ್ಯಾರೆ, ಒತ್ತಿದ್ರ ಬ್ಯಾರೆ ಕೇಳಬೇಕು ಅಂತ ನೀವ ಹೇಳಿದ್ರಿ. ಮೂರು ವರ್ಷ ದಿನಾ ಕುಂತು ಕೇಳೀನಿ. ಒಂದ್ ದಿನಾನೂ ಕೇಳಿಲ್ಲ. ಈಗ ತಂತಿ ಶ್ರುತಿ ಮಾಡಾಕೂ ಮೊಬೈಲ್ ನೋಡ್ತೀನ್ರೀ. ನನ್ನ ಕಿವಿ ಮ್ಯಾಲೆ ನನಗ ಭರೋಸಾ ಇಲ್ಲ.”

ಆಗ ನಾನೇನು ಮಾಡಿದೆ ಗೊತ್ತೇ? ಸಮಾಧಾನ ಹೇಳಿದೆ. ನಲವತ್ತು ದಾಟಿದ ಮೇಲೆ ಹೈ ಫ್ರೀಕ್ವೆನ್ಸಿ ಕೇಳಿಸೋದು ಹೇಗೆ ಕಡಿಮೆಯಾಗುತ್ತದೆ, ಒಳಗಿವಿಯ ಸಣ್ಣ ಕೂದಲುಗಳು ಹೇಗೆ ಸವೆಯುತ್ತವೆ ಅಂತ ಮುಂದಿನ ಸ್ಟಾಪಿನವರೆಗೆ ಪಾಠ ಮಾಡಿದೆ. ಅವನು ತಲೆ ಆಡಿಸುತ್ತಾ ಕೇಳಿದ. ಕಂಡಕ್ಟರ್ ಕೂಡ ಕೇಳಿದ.

ಲಿಂಗಸುಗೂರಿನಲ್ಲಿ ಗಿಟಾರ್ ಕೇಳಿದ್ದವರು ಹುಲಿಗೆಮ್ಮ. ಬಸ್ ಸ್ಟ್ಯಾಂಡಿನಿಂದ ಐದು ನಿಮಿಷದ ದಾರಿ, ಮೋಟಾರ್ ವೈಂಡಿಂಗ್ ಅಂಗಡಿ. ಗಂಡ ಊರೂರು ತಿರುಗಿ ಬೋರಿನಿಂದ ಮೋಟಾರ್ ಎತ್ತಿ ತರುತ್ತಾನೆ, ಸುಟ್ಟ ಕಾಯಿಲ್ ಕಿತ್ತು ಹೊಸದು ಸುತ್ತುವುದು ಇವರ ಕೆಲಸ. ಅವತ್ತೂ ಗಂಡ ಪಾಮನಕಲ್ಲೂರಿಗೆ ಹೋಗಿದ್ದ. ಅಂಗಡಿಯ ತುಂಬ ವಾರ್ನಿಷ್ ವಾಸನೆ. ಬಾಯಿ ತೆರೆದ ಮೋಟಾರುಗಳು ಸಾಲಾಗಿ ಮಲಗಿದ್ದವು.

“ನಮ್ಮ ಹುಡುಗಿ ಕಾಲೇಜಿನಾಗ ಬ್ಯಾರೆಯವರ ಗಿಟಾರ್ ಮ್ಯಾಲೆ ಕಲಿಯಾಕತ್ತಾಳ್ರೀ. ಇವತ್ತು ಗೆಳತಿ ಮನಿಗೆ ಹೋಗ್ಯಾಳ. ಇರಲಿ, ನಾ ನೋಡ್ತೀನಿ” ಅಂದರು ಹುಲಿಗೆಮ್ಮ, ಕೈ ಒರೆಸಿಕೊಳ್ಳುತ್ತಾ. “ಮೊದಲ ಹೇಳ್ತೀನಿ ನೋಡ್ರಿ. ಕರೆಂಟಿನ ಸಾಮಾನು ಏನಿದ್ರೂ ಮೀಟರ್ ಹಚ್ಚದ ನಾ ಒಳಗ ಇಟ್ಕೊಳ್ಳಂಗಿಲ್ಲ.”

ಅಮರೇಶ ಆಂಪ್ಲಿಫೈಯರ್ ಹಚ್ಚಿ ನುಡಿಸಿದ. ಅವರು ತಲೆ ಓರೆ ಮಾಡಿ ಕೇಳಿದರು. ಹಾಡನ್ನಲ್ಲ, ಹಾಡಿನ ಹಿಂದಿನ ಸದ್ದನ್ನು.

“ಇದು ಯಾಕ ಗುಂಯ್ ಅಂತೈತ್ರೀ?”

“ಎಲೆಕ್ಟ್ರಿಕ್ ಗಿಟಾರ್ ಅಂದ್ರ ಅಷ್ಟು ಇರ್ತೈತ್ರೀ ಅಕ್ಕಾ. ಸರ್ ಹೇಳ್ಯಾರ.”

“ಈ ಗುಂಡಿ ಯಾತಕ್ಕ?”

“ಒತ್ತಿದ್ರ ಧ್ವನಿ ದಪ್ಪ, ಎಳದ್ರ ಸಣ್ಣ.” ಒತ್ತಿ ತೋರಿಸಿದ, ಎಳೆದು ತೋರಿಸಿದ.

“ಎರಡೂ ಒಂದಾ ಐತಲ್ರೀ!”

ಅಮರೇಶ ನಕ್ಕ. ಸೋತವರು ನಗುತ್ತಾರಲ್ಲ, ಹಾಗೆ. “ಬಾಳ ಬಾರೀಕ್ ಫರಕ್ ಇರ್ತೈತ್ರೀ. ಎಲ್ಲಾರಿಗೂ ಕೇಳಂಗಿಲ್ಲ. ನನಗೂ ಕೇಳಂಗಿಲ್ಲ. ಸರ್‌ಗೆ ಕೇಳತೈತಿ.”

ಹುಲಿಗೆಮ್ಮ ನನ್ನ ಕಡೆ ತಿರುಗಿದರು. ನನ್ನ ಮುಖವನ್ನಲ್ಲ, ಎರಡೂ ಕಿವಿಗಳನ್ನು ನೋಡಿದರು. “ಹೌದೇನ್ರೀ ಸರ್?”

ನಾನು ತಲೆ ಅಲ್ಲಾಡಿಸಿದೆ. (ಹೌದು ಅಂತಲೋ ಇಲ್ಲ ಅಂತಲೋ, ನನಗೇ ಸ್ಪಷ್ಟವಿರಲಿಲ್ಲ.)

“ಇದರಾಗ ಮ್ಯಾಗ್ನೆಟ್ ಐತೇನು?” ಅನ್ನುತ್ತಾ ಅವರು ಸ್ಕ್ರೂಡ್ರೈವರಿನ ತುದಿಯನ್ನು ಪಿಕಪ್ಪಿನ ಮೇಲಿದ್ದ ಎರಡು ಸಾಲು ಮೊಳೆಗಳಲ್ಲಿ ಒಂದು ಸಾಲಿನ ಮೇಲೆ ಇಟ್ಟರು. ಅದು ಕಚ್ಚಿಕೊಂಡಿತು. ಆಂಪ್ಲಿಫೈಯರಿನಲ್ಲಿ ಟಕ್ ಅಂತ ದೊಡ್ಡ ಸದ್ದು. ಅವರಿಗೆ ಖುಷಿಯಾಯಿತು. ಪಕ್ಕದ ಸಾಲಿನ ಮೇಲೆ ಇಟ್ಟರು. ಅಲ್ಲೂ ಕಚ್ಚಿಕೊಂಡಿತು. ಆದರೆ ಸದ್ದು ಇಲ್ಲ. ಕಿವಿಗೊಟ್ಟರೆ ದೂರದ ಒಂದು ಚಿಟಿಕೆಯಷ್ಟು. ಈ ಸಾಲು, ಆ ಸಾಲು, ಮತ್ತೆ ಈ ಸಾಲು. ಟಕ್. ಮೌನ. ಟಕ್.

“ಎರಡು ಕಾಯಿಲ್ ಅದಾವು. ಒಂದು ಸತ್ತೈತಿ” ಅಂದರು. “ಮೋಟಾರಿಗೂ ಹಿಂಗ ಆಗ್ತೈತಿ. ಒಂದು ಫೇಸ್ ಹೋತಂದ್ರ ಬರೇ ಗುಂಯ್ ಅಂತೈತಿ, ಎದ್ದು ತಿರುಗಂಗಿಲ್ಲ.”

ಎರಡರಲ್ಲಿ ಒಂದು ಕಾಯಿಲ್ ಮೊದಲಿನಿಂದಲೂ ಸತ್ತಿದ್ದರೆ, ಗುಂಡಿ ಎಳೆದು ಮಲಗಿಸುವುದು ಯಾವುದನ್ನು? ಮಲಗಿದವರನ್ನೇ ಮತ್ತೆ ಮಲಗಿಸಿದಂತೆ. ಇದನ್ನು ಅರ್ಥ ಮಾಡಿಕೊಳ್ಳೋಕೆ ನನಗೆ ಹತ್ತು ಸೆಕೆಂಡು ಸಾಕಾಯಿತು. ಬಾಯಿ ಬಿಡೋಕೆ ಸಾಕಾಗಲಿಲ್ಲ.

ಅವರು ಗಿಟಾರ್ ಬೋರಲು ಮಾಡಿ ಹಿಂದಿನ ಮುಚ್ಚಳ ಬಿಚ್ಚಿದರು. ಒಳಗೆ ಇಣುಕಿದರು. “ಇದನ್ನ ಯಾರು ಜೋಡಿಸ್ಯಾರ? ಮನಿ ವೈರಿಂಗ್ ಮಾಡೋರು ಮಾಡಿದಂಗೈತಿ.”

“ನಮ್ಮ ಸರ್ ಮಾಡ್ಯಾರ್ರೀ” ಅಂದ ಅಮರೇಶ, ಹೆಮ್ಮೆಯಿಂದ. “ಫಿಜಿಕ್ಸ್ ಹೇಳತಾರ. ವೈರಿಂಗಿನಾಗ ತಪ್ಪಿರಾಕ ಸಾಧ್ಯಾನ ಇಲ್ಲ. ಕಂಪನಿಯವ್ರ ಖರಾಬ್ ಮಾಲು ಕಳಿಸ್ಯಾರ.”

ನೋಡಿ, ಬಾಗಿಲು ತೆರೆದೇ ಇತ್ತು. ಕಂಪನಿ ಎಲ್ಲೋ ಸಮುದ್ರದಾಚೆ ಇದೆ, ಬಂದು ಜಗಳಕ್ಕೆ ನಿಲ್ಲುವುದಿಲ್ಲ. ಗಿಟಾರ್ ಇವತ್ತೇ ಮಾರಿಹೋಗುತ್ತದೆ. ಅಮರೇಶ ಕಂಪನಿಯನ್ನು ಬೈದುಕೊಂಡು ಮಸ್ಕಿಗೆ ಹೋಗುತ್ತಾನೆ. ನಾನು ಸರ್ ಆಗಿಯೇ ಸಿಂಧನೂರಿಗೆ ಹೋಗುತ್ತೇನೆ.

“ಇರಬಹುದು” ಅಂದೆ ನಾನು. “ಕೆಲವು ಸಲ ಒಳಗೆ ಕಾಯಿಲ್ ಕಟ್ ಆಗಿರ್ತದೆ.”

ಹೌದು, ಅಂದೆ. ಐವತ್ತೆರಡು ವರ್ಷದ ಮನುಷ್ಯ, ಮೂರು ವರ್ಷದ ಹಿಂದಿನ ಬೆಸುಗೆ ಉಳಿಸಿಕೊಳ್ಳೋಕೆ ಸುಳ್ಳು ಹೇಳಿದೆ. ಇವತ್ತು ಬರೆಯುವಾಗಲೂ ನಾಚಿಕೆಯಾಗುತ್ತಿದೆ.

ಹುಲಿಗೆಮ್ಮ ಗೂಡಿನಿಂದ ಒಂದು ಹಳೆಯ ಮುಳ್ಳಿನ ಮೀಟರ್ ಇಳಿಸಿದರು. ಎರಡು ಕಡ್ಡಿಗಳನ್ನು ಕೆಂಪು ಮತ್ತು ಹಸಿರಿಗೆ ಮುಟ್ಟಿಸಿ, “ಸರ್, ನನಗ ಚಾಳೀಸ್ ಬಂದಾವು. ಎಷ್ಟು ತೋರಸ್ತೈತಿ ನೀವ ಓದ್ರಿ” ಅಂದರು.

“ನಾಲ್ಕು ಸಾವಿರ ಓಮ್.”

ಕಡ್ಡಿಗಳನ್ನು ಕರಿ ಮತ್ತು ಬಿಳಿಗೆ ಇಟ್ಟರು. “ಈಗ?”

ಮುಳ್ಳು ಎದ್ದು ಅದೇ ಜಾಗದಲ್ಲಿ ನಿಂತಿತು. ನಾನು ಓದಲೇಬೇಕಾಯಿತು. “ನಾಲ್ಕು ಸಾವಿರ.”

“ಕಟ್ ಆಗಿದ್ರ ಮುಳ್ಳು ಏಳತಿದ್ದಿಲ್ಲ. ಎರಡೂ ಕಾಯಿಲ್ ಜೀವಂತ ಅದಾವು” ಅಂದರು ಹುಲಿಗೆಮ್ಮ. ಅಷ್ಟೇ. ನನ್ನ ಕಡೆ ನೋಡಲೂ ಇಲ್ಲ.

“ಹಂಗಾರ ತಪ್ಪು ಎಲ್ಲೈತ್ರೀ?” ಅಂತ ಕೇಳಿದ ಅಮರೇಶ. ಕೇಳಿದ್ದು ನನ್ನನ್ನು.

ಇನ್ನೂ ಎರಡು ಮೂರು ಸುಳ್ಳುಗಳು ನನ್ನಲ್ಲಿ ತಯಾರಿದ್ದವು. ಸ್ವಿಚ್ ಸವೆದಿದೆ, ಬೆಸುಗೆ ಬಿಟ್ಟಿದೆ, ಹೀಗೆ. ಆದರೆ ಅವನು ಬಾಯಿ ತುಸು ತೆರೆದು, ಕ್ಲಾಸಿನಲ್ಲಿ ಕೂತವನಂತೆ ನನ್ನ ಉತ್ತರಕ್ಕೆ ಕಾಯುತ್ತಿದ್ದ. ನಾನು ಏನು ಹೇಳಿದರೂ ನಂಬುತ್ತಿದ್ದ. ಅದನ್ನು ನೋಡಿ ಆಗಲಿಲ್ಲ.

“ತಪ್ಪು ನಂದು, ಅಮರೇಶ. ವೈರ್ ತಪ್ಪು ಕೊಟ್ಟೀನಿ.”

ನಂಬಿದನೇ? ಇಲ್ಲ! “ಇಲ್ಲ ಬಿಡ್ರಿ ಸರ್, ನೀವ್ಯಾಕ ತಪ್ಪು ಮಾಡ್ತೀರಿ? ಮೀಟರ್ ಹಳೇದೈತಿ” ಅಂದ. ಸುಳ್ಳನ್ನು ಒಂದೇ ಏಟಿಗೆ ನಂಬಿದವನಿಗೆ ನಿಜ ನಂಬಿಸೋಕೆ ನಾನು ಬೆವರಬೇಕಾಯಿತು. ಮೊಬೈಲ್ ತೆಗೆದು ಆ ಕಂಪನಿಯ ಚಿತ್ರ ಹುಡುಕಿದೆ. ಅದೇ ಚಿತ್ರ, ಚಹಾದ ಕಪ್ಪಿನ ಕೆಳಗಿದ್ದದ್ದು. ಈ ಕಂಪನಿಯವರಿಗೆ ಕರಿದೇ ಫೇಸ್. ಅದನ್ನು ನೆಲಕ್ಕೆ ಕೊಟ್ಟು ಆ ಕಾಯಿಲನ್ನು ನಾನೇ ಮಲಗಿಸಿಬಿಟ್ಟಿದ್ದೆ. ಕೆಂಪು ಮತ್ತು ಬಿಳಿ ಸೇರಿಸಿ ಒಂದು ಗಂಟು. ಗುಂಡಿಯ ಸ್ವಿಚ್ಚಿಗೆ ಹೋಗಬೇಕಾದದ್ದು ಆ ಗಂಟು. ಹಸಿರು ಮಾತ್ರ ನಾನು ಪೂರ್ತಿ ಸರಿಯಾಗಿ ಕೊಟ್ಟಿದ್ದೆ. ನಾಲ್ಕರಲ್ಲಿ ಒಂದು. ನನ್ನ ವಿದ್ಯಾರ್ಥಿಗಳಿಗೆ ಇಷ್ಟು ಮಾರ್ಕ್ಸ್ ಬಂದರೆ ನಾನು ಮನೆಯವರನ್ನು ಕರೆಸುತ್ತೇನೆ.

ಚಿತ್ರ ಬರುವಷ್ಟರಲ್ಲಿ ಹುಲಿಗೆಮ್ಮ ತಮ್ಮ ದಾರಿಯಲ್ಲಿ ಅಲ್ಲಿಗೇ ಬಂದಿದ್ದರು. ಒಂದೊಂದೇ ಕಾಯಿಲಿಗೆ ಮೀಟರ್ ಹಿಡಿದು, ಸ್ಕ್ರೂಡ್ರೈವರನ್ನು ಮ್ಯಾಗ್ನೆಟ್ಟಿನಿಂದ ಕಿತ್ತಾಗ ಮುಳ್ಳು ಯಾವ ಕಡೆ ಜಿಗಿಯುತ್ತದೆ ಅಂತ ನೋಡಿದರು. ಯಾವ ತುದಿ ಶುರು, ಯಾವುದು ಕೊನೆ ಅಂತ ಅವರಿಗೆ ಅದರಲ್ಲೇ ತಿಳಿಯಿತು. “ಕೊನಿಗೆ ಕೊನಿ ಕೂಡಸಬೇಕ್ರೀ. ಮೋಟಾರಿನಾಗ ಬಾಜು ಬಾಜು ಪೋಲಿಗೆ ಹಿಂಗ ಮಾಡ್ತೀವಿ” ಅಂದರು. ಕೆಂಪು ಮತ್ತು ಬಿಳಿಯನ್ನು ಬೆರಳಿನಲ್ಲಿ ಹೊಸೆದು ಹಿಡಿದು ತೋರಿಸಿದರು. ನನ್ನ ಮೊಬೈಲಿನಲ್ಲಿದ್ದದ್ದೂ ಅದೇ. ಅವರು ಎಷ್ಟನೇ ಕ್ಲಾಸು ಓದಿದ್ದಾರೋ ನಾನು ಕೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ.

ಫ್ಯಾನಿನ ಕೆಲಸಕ್ಕೆ ಇಟ್ಟ ಸಣ್ಣ ಸೋಲ್ಡರಿಂಗ್ ಐರನ್ ಕಾಯಿಸಿದರು. ಬಿಚ್ಚಿದ್ದು, ಜೋಡಿಸಿದ್ದು ಅವರೇ. ನನಗೆ ವೈರ್ ಹಿಡಿದುಕೊಳ್ಳುವ ಕೆಲಸ ಕೊಟ್ಟರು. “ಅಲ್ಲಾಡಬ್ಯಾಡ್ರಿ ಸರ್” ಅಂದರು. ಅಲ್ಲಾಡಲಿಲ್ಲ.

ಮುಚ್ಚಳ ಹಾಕುವ ಮೊದಲೇ ಅಮರೇಶ ಗಿಟಾರ್ ಕೈಗೆ ತೆಗೆದುಕೊಂಡ. ಆಂಪ್ಲಿಫೈಯರ್ ಹಚ್ಚಿದಾಗ ಮೊದಲು ಗೊತ್ತಾದದ್ದು ಸದ್ದಲ್ಲ, ಸದ್ದು ಇಲ್ಲದ್ದು. ಗುಂಯ್ ಮಾಯವಾಗಿತ್ತು. ಅವನು ದಪ್ಪ ತಂತಿಯೊಂದನ್ನು ಮೀಟಿದ. ಅಂಗಡಿಯ ತಗಡಿನ ಶಟರ್ ನಡುಗಿತು. ಗುಂಡಿ ಎಳೆದ. ಧ್ವನಿ ತೆಳ್ಳಗಾಗಿ, ಚುರುಕಾಗಿ, ಹಿಂದೆ ಸಣ್ಣ ಗುಂಯ್ ಇಟ್ಟುಕೊಂಡು, ಬೇರೆಯದೇ ಗಿಟಾರಿನಂತೆ ಬಂತು. ಒತ್ತಿದ, ದಪ್ಪ. ಎಳೆದ, ತೆಳು.

ಹಾಡು ನುಡಿಸಲಿಲ್ಲ. ಅದೇ ಒಂದು ತಂತಿ ಮೀಟುತ್ತಾ, ಗುಂಡಿಯನ್ನು ಎಳೆದು ಒತ್ತಿ, ಎಳೆದು ಒತ್ತಿ, ಎಷ್ಟು ಸಲ ಅಂತ ನಾನು ಎಣಿಸಲಿಲ್ಲ. ರಸ್ತೆಯಲ್ಲಿ ಹೋಗುವವರಿಗೆ ಹುಚ್ಚು ಅನ್ನಿಸಿರಬೇಕು.

“ಕೇಳತೈತ್ರೀ” ಅಂದ. “ಸರ್, ನನಗ ಕೇಳತೈತಿ. ಅಕ್ಕಾ, ಕೇಳತೈತ್ರೀ.”

“ನನಗೂ ಕೇಳತೈತಿ. ಶಟರ್‌ಗೂ ಕೇಳಾಕತ್ತೈತಿ” ಅಂದರು ಹುಲಿಗೆಮ್ಮ.

ಅವನು ನಕ್ಕ. ನಕ್ಕವನು ಸಟ್ಟನೆ ನಿಲ್ಲಿಸಿ ನನ್ನ ಕಡೆ ತಿರುಗಿದ. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ: “ಸರ್, ಅವತ್ತು ನಿಮಗ ಕೇಳತೈತಿ ಅಂದಿದ್ರಲ್ಲ. ಏನ್ ಕೇಳಿತ್ರೀ?”

“ಏನೂ ಕೇಳಿಲ್ಲ” ಅಂದೆ.

ಅವನು ಗಿಟಾರಿನ ಬೆನ್ನು ಒರೆಸಿದ. ಮುಚ್ಚಳದ ಸ್ಕ್ರೂಗಳನ್ನು ತಾನೇ ಹಾಕಿದ, ನನ್ನ ಕೈಗೆ ಕೊಡಲಿಲ್ಲ.

ವ್ಯಾಪಾರ ಏನಾಯಿತು ಅಂತ ನೀವು ಕೇಳಬಹುದು. ಆಗಲಿಲ್ಲ. ಹುಲಿಗೆಮ್ಮನೇ ಬೇಡ ಅಂದರು. “ಅಣ್ಣಾರ, ಇದು ನಿಮ್ಮ ಕೈಯಾಗ ಇರಲಿ. ನಮ್ಮ ಹುಡುಗಿಗೆ ಬ್ಯಾರೆದೊಂದು ನೀವ ಆರಿಸಿ ಕೊಡಸ್ರಿ. ಕಿವಿ ನಿಮ್ಮದು, ವೈರಿಂಗ್ ನಂದು.” ನನಗೆ ಯಾವ ಕೆಲಸವನ್ನೂ ವಹಿಸಲಿಲ್ಲ ಅನ್ನುವುದನ್ನು ಗಮನಿಸಿ. ಚಹಾ ಮಾತ್ರ ಮೂವರಿಗೂ ತರಿಸಿದರು.

ವಾಪಸ್ ಬರುವ ಬಸ್ಸಿನಲ್ಲಿ ಅಮರೇಶ ಕಿಟಕಿಯ ಪಕ್ಕ ಕೂತ. ನಾನು ಎರಡು ಸಲ ಮಾತು ತೆಗೆದೆ. ‘ಹೂಂ’ ಅಂದ. ಮೂರು ವರ್ಷ ಅವನು ಬಿಟ್ಟ ಹಾಡುಗಳು, ಸ್ಟೇಜಿನ ಹಿಂದೆ ನಿಂತ ಮದುವೆಗಳು, ರಾಯಚೂರಿನ ಆಸ್ಪತ್ರೆಯ ಬೆಂಚು, ಎಲ್ಲ ನೆನಪಾಗುತ್ತಿದ್ದಿರಬೇಕು. ನನ್ನ ಮೇಲೆ ರೇಗಿದ್ದರೆ ಚೆನ್ನಾಗಿತ್ತು. ರೇಗಲಿಲ್ಲ. ರೇಗೋದು ಅವನಿಗೆ ಬರುವುದಿಲ್ಲ, ನಾನು ಸರ್ ಅಲ್ಲವೇ? ಸಾರಿ ಕೇಳಿದೆ. “ಇರಲಿ ಬಿಡ್ರಿ” ಅಂದ. ಇಷ್ಟು ಸುಲಭವಾಗಿ ಸಿಕ್ಕ ಕ್ಷಮೆಯನ್ನು ಇಟ್ಟುಕೊಳ್ಳುವುದೆಲ್ಲಿ?

ಮಸ್ಕಿ ಬಂತು. ಚೀಲ ಹೆಗಲಿಗೇರಿಸಿಕೊಂಡು ಎದ್ದ. ಎರಡು ಹೆಜ್ಜೆ ಹೋಗಿ ವಾಪಸ್ ಬಂದ.

“ಸರ್, ಒಂದ್ ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಇನ್ಮ್ಯಾಗ ನಾ ಕೇಳವಲ್ದು ಅಂದ್ರ, ಮೊದಲು ನಿಮ್ಮ ವೈರ್ ನೋಡ್ರಿ. ಆಮ್ಯಾಲ ನನ್ನ ಕಿವಿ.”

ಇಳಿದು ಹೋದ. ಇಪ್ಪತ್ತಾರು ವರ್ಷದ ನನ್ನ ನೌಕರಿಯಲ್ಲಿ ಒಬ್ಬ ವಿದ್ಯಾರ್ಥಿ ನನಗೆ ಹೇಳಿದ ಮೊದಲ ಬುದ್ಧಿಮಾತು ಅದು. ಸಿಂಧನೂರು ಬರುವವರೆಗೆ ನಾನು ಅದನ್ನೇ ಅಗಿಯುತ್ತಿದ್ದೆ.

ಮಾರನೆಯ ದಿನ ಸೋಮವಾರ. ಎರಡನೇ ಪೀರಿಯಡ್. ಬೋರ್ಡಿನ ತುಂಬ ಒಂದು ಲೆಕ್ಕ ಮಾಡಿ ಮುಗಿಸಿ ಕೈಯ ಸೀಮೆಸುಣ್ಣ ಕೊಡವುತ್ತಿದ್ದೆ. ಮೂರನೇ ಬೆಂಚಿನಿಂದ ಒಂದು ಹುಡುಗಿ ಎದ್ದು ನಿಂತಳು. “ಸರ್, ತಿಳೀಲಿಲ್ರೀ.”

ಇದಕ್ಕೆ ನನ್ನ ಉತ್ತರ ಯಾವಾಗಲೂ ಒಂದೇ: ‘ಲಕ್ಷ್ಯ ಕೊಟ್ಟು ಕೇಳು.’ ಬಾಯಿಯವರೆಗೆ ಬಂದಿತ್ತು. ನುಂಗಿಕೊಂಡೆ. ಬೋರ್ಡಿನ ಕಡೆ ತಿರುಗಿ, ನಾನೇ ಬರೆದದ್ದನ್ನು ಮೊದಲ ಸಾಲಿನಿಂದ ಒಂದೊಂದಾಗಿ ಓದಿದೆ. ಇಡೀ ಕ್ಲಾಸು ಸರ್‌ಗೆ ಏನಾಯಿತು ಅಂತ ನೋಡುತ್ತಿತ್ತು.

ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ತಿರುಗಿ ನೋಡಿದ್ದು ಮಾತ್ರ ಇದೇ ಮೊದಲು.